ದೇಶದ ಎಡಮಂಡಿ

ದೇಶದ ಅತಿವೇಗದ ಬೌಲರ್‌ಗೆ ಮೈಯಲ್ಲಿ ಎಲ್ಲಿಯೂ ನೋವಿಲ್ಲ ಎಂಬ ಸಂಗತಿ ಸೋಮವಾರ ಬೆಳಿಗ್ಗೆ ಅಧಿಕೃತವಾಗಿ ದೃಢಪಟ್ಟಿತು. ಕ್ರಿಕೆಟ್ ಮಂಡಳಿಯ ಗಾಯ ನಿರ್ವಹಣಾ ವಿಭಾಗದಲ್ಲಿ ಅಂದು ಯಾರ ಗಂಟಲಲ್ಲೂ ಚಹಾ ಇಳಿಯಲಿಲ್ಲ.

ಪತ್ರಿಕೆಗಳು ಈ ಬೌಲರನ್ನು ಸಿಡಿಲು ಎಂದು ಕರೆಯುತ್ತಿದ್ದವು. ಎಂಟು ವರ್ಷಗಳ ಅಂತರರಾಷ್ಟ್ರೀಯ ವೃತ್ತಿಜೀವನದಲ್ಲಿ ಸಿಡಿಲು ಅವರು ಆಡಿದ್ದಕ್ಕಿಂತ ಮಲಗಿದ್ದೇ ಹೆಚ್ಚು. ಒಮ್ಮೆ ಬೆನ್ನು, ಒಮ್ಮೆ ತೊಡೆ, ಒಮ್ಮೆ ರಾಷ್ಟ್ರಗೀತೆಗೆ ಎದ್ದು ನಿಲ್ಲುವಾಗ ಕತ್ತು. ಎಡಮಂಡಿಯಂತೂ ಸರಣಿ ಘೋಷಣೆಯಾದ ಕೂಡಲೇ ರಜೆ ಹಾಕುತ್ತಿತ್ತು. ಅವರ ಆರೈಕೆಗೆಂದೇ ಹುಟ್ಟಿದ ವಿಭಾಗ ಈಗ ಮೂರು ಮಹಡಿಗೆ ಬೆಳೆದಿತ್ತು. ಮಂಡಿಗೆ ಒಬ್ಬ ನಿರ್ದೇಶಕರು, ಹಿಮ್ಮಡಿಗೆ ಒಬ್ಬ ಉಪನಿರ್ದೇಶಕರು, ಐಸ್ ತರಲು ಒಬ್ಬರು, ಅದು ಕರಗಿತೆಂದು ದೃಢೀಕರಿಸಲು ಇನ್ನೊಬ್ಬರು.

ಮಂಡಿ ನಿರ್ದೇಶಕರು ಸಿಡಿಲನ್ನು ಕರೆಸಿದರು.

"ಏನ್ರೀ ಇದು, ಎಲ್ಲೂ ನೋಯ್ತಾ ಇಲ್ವಾ? ಸ್ವಲ್ಪ ನೆನಪು ಮಾಡ್ಕೊಳ್ಳಿ."

"ಇಲ್ಲ ಸರ್. ನಿನ್ನೆ ಮೆಟ್ಟಿಲು ಹತ್ತಿ ಇಳಿದೆ. ಖುಷಿಯಾಗಿ ಮತ್ತೆ ಹತ್ತಿದೆ."

"ಹತ್ತೋಕೆ ಯಾರ್ರೀ ಅನುಮತಿ ಕೊಟ್ಟಿದ್ದು?"

"ತಪ್ಪಾಯ್ತು ಸರ್. ಆದ್ರೆ ಭಾನುವಾರದ ಪಂದ್ಯದಲ್ಲಿ ಒಂದೇ ಒಂದು ಓವರ್ ಹಾಕೋಕೆ ಬಿಡಿ. ನನ್ನ ಮಗಳಿಗೆ ಆರು ವರ್ಷ ಆಯ್ತು, ನಾನು ಬೌಲಿಂಗ್ ಮಾಡಿದ್ದು ಅವಳು ನೋಡೇ ಇಲ್ಲ. ಸ್ಕೂಲಲ್ಲಿ ಅಪ್ಪ ಏನ್ಮಾಡ್ತಾರೆ ಅಂತ ಕೇಳಿದ್ರೆ, ಐಸ್ ಇಟ್ಕೊಂಡು ಕೂತಿರ್ತಾರೆ ಅಂದಿದ್ದಾಳೆ."

ನಿರ್ದೇಶಕರ ಕಣ್ಣು ತುಂಬಿಬಂತು. ಅವರಿಗೂ ಒಬ್ಬ ಮಗಳಿದ್ದಳು. ಆಕೆಯ ಓದು ಈ ಮಂಡಿಯನ್ನೇ ನಂಬಿಕೊಂಡಿತ್ತು.

ಮಧ್ಯಾಹ್ನದ ತುರ್ತುಸಭೆಯಲ್ಲಿ ಎಲ್ಲರ ಹೊಟ್ಟೆಪಾಡನ್ನೂ ಕೂಲಂಕಷವಾಗಿ ಪರಿಶೀಲಿಸಲಾಯಿತು. ಗಾಯವಾದ ಮೇಲೆ ಹೊತ್ತೊಯ್ಯುವುದು ಹಳೆಯ ಪದ್ಧತಿ, ಆಗುವ ಮೊದಲೇ ಹೊತ್ತೊಯ್ಯುವುದು ವೈಜ್ಞಾನಿಕ ಎಂಬ ತೀರ್ಮಾನಕ್ಕೆ ಬರಲಾಯಿತು. ಸಂಜೆ ಪ್ರಕಟಣೆ ಹೊರಬಿತ್ತು:

"ಈ ಮೂಲಕ ಸಮಸ್ತ ಅಭಿಮಾನಿಗಳಿಗೆ ತಿಳಿಯಪಡಿಸುವುದೇನೆಂದರೆ, ಸಿಡಿಲು ಅವರು ಭಾನುವಾರ ಆಡಲಿದ್ದಾರೆ. ಚೆಂಡು ಕೈಬಿಡುವ ಮುನ್ನವೇ ಅವರನ್ನು ಸಕಲ ಗೌರವಗಳೊಂದಿಗೆ ಸ್ಟ್ರೆಚರ್‌ನಲ್ಲಿ ಹೊರತರಲಾಗುವುದು. ಯಾರೂ ಗಾಬರಿಪಡಬೇಕಾಗಿಲ್ಲ. ಯಾವ ಗಾಯ ಆಗಬಹುದಿತ್ತು ಎಂಬುದನ್ನು ತದನಂತರ ತಿಳಿಸಲಾಗುವುದು."

"ಓಡೋಕಾದ್ರೂ ಬಿಡ್ತೀರಾ ಸರ್?" ಎಂದರು ಸಿಡಿಲು.

"ಧಾರಾಳವಾಗಿ ಓಡಿ. ನಾವೇನು ಮನುಷ್ಯರಲ್ವಾ?"

ಸಿಡಿಲು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದರು: ಜೀವ ಬಿಟ್ಟು ಓಡಿದರೆ ಸ್ಟ್ರೆಚರ್‌ನವರ ಕೈಗೆ ಸಿಗದೆ ಒಂದು ಎಸೆತವನ್ನಾದರೂ ಎಸೆಯಬಹುದು. ಮಗಳಿಗೆ ಅಷ್ಟು ಸಾಕು.

ಭಾನುವಾರ ಹೆಂಡತಿ, ಮಗಳು ಮುಂದಿನ ಸಾಲಿನಲ್ಲೇ ಕುಳಿತರು. ಸಿಡಿಲು ಬೌಂಡರಿಯ ಹತ್ತಿರದಿಂದ ಓಡಲು ಶುರುಮಾಡಿದರು. ಆಹಾ, ಆ ಓಟವೇ ಓಟ! ಆದರೆ ಅವರಿಗಿಂತ ಜೋರಾಗಿ ಓಡುವವರು ದೇಶದಲ್ಲಿ ಇಬ್ಬರೇ ಇದ್ದರು, ಎಂಟು ವರ್ಷ ಅವರಿಗಾಗಿಯೇ ಮೈದಾನಕ್ಕೆ ಓಡಿ ಓಡಿ ಪಳಗಿದ ಸ್ಟ್ರೆಚರ್‌ನವರು. ಇನ್ನೇನು ಕೈ ಮೇಲೆತ್ತಬೇಕು, ಅಷ್ಟರಲ್ಲಿ ಮಲಗಿಸಿಬಿಟ್ಟರು. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. "ನಮ್ಮಪ್ಪ! ನಮ್ಮಪ್ಪ!" ಎಂದು ಮಗಳು ಕುರ್ಚಿ ಹತ್ತಿ ಕುಣಿದಳು. ವಿಭಾಗಕ್ಕೆ ನಾಲ್ಕನೇ ಮಹಡಿ ಮಂಜೂರಾಯಿತು.

ಮರುದಿನ ಸಂಜೆ ಸಿಡಿಲು ಮನೆಗೆ ಬಂದಾಗ ಮಕ್ಕಳ ಆಟ ನಡೆದಿತ್ತು. ಮಗಳು ಅಡುಗೆಮನೆಯ ಬಾಗಿಲಿಂದ ಓಡಿಬಂದು ಸೋಫಾದ ಹತ್ತಿರ ದೊಪ್ಪನೆ ಬಿದ್ದಳು. ಪಕ್ಕದ ಮನೆಯ ಇಬ್ಬರು ಮಕ್ಕಳು ಅವಳನ್ನು ಬೆಡ್‌ಶೀಟಿನಲ್ಲಿ ಹೊತ್ತುಕೊಂಡು ಹೊರಟರು.

"ಏನಾಟ ಪುಟ್ಟಿ ಇದು?"

"ಬೌಲಿಂಗ್, ಅಪ್ಪಾ!"

ಸಿಡಿಲು ಕೈಯಲ್ಲಿದ್ದ ಚೀಲ ಕೆಳಗಿಟ್ಟು ಮಕ್ಕಳು ಕೆಳಗಿಳಿಸಿದ ಮಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಬೌಲಿಂಗ್ ಅಂದ್ರೆ ಹೀಗಲ್ಲಮ್ಮ," ಎಂದರು ಮೆಲ್ಲಗೆ. "ಬೀಳೋವಾಗ ಎಡಮಂಡಿ ಹಿಡ್ಕೋಬೇಕು."