ಗಾಬಾ ಮತ್ತು ಗಾಬರಿ

ಪ್ರೊಜೆಕ್ಟರ್ ಕೆಟ್ಟಿದೆ, ಹಾಗಾಗಿ ಇವತ್ತು ಭಾಷಣದ ಹೊತ್ತಿಗೆ ದೀಪ ಆರಿಸುವುದಿಲ್ಲ ಎಂದು ಕೇಳಿದೊಡನೆ ಮೌನಿಯ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು.

ಅಕ್ಷಿಪಟ, ಅಂದರೆ ಕಣ್ಣೊಳಗಿನ ಪರದೆ. ಅದರ ಜೀವಕೋಶಗಳನ್ನು ಕತ್ತಲೆಕೋಣೆಯಲ್ಲಿ ಕೂತು ಪರೀಕ್ಷಿಸುವುದು ಅವನ ಕೆಲಸ. ಕತ್ತಲಲ್ಲಿ ಅರಳು ಹುರಿದಂತೆ ಮಾತಾಡುವ ಆಸಾಮಿ, ಬೆಳಕಿನಲ್ಲಿ ನಾಲ್ಕು ಮುಖ ಕಂಡರೆ ಬೀಗ ಹಾಕಿದ ಅಂಗಡಿ. ಮೌನಿ ಎಂಬ ಹೆಸರು ಬಂದದ್ದೇ ಹಾಗೆ. ಇವತ್ತಿನ ಭಾಷಣ ವಿಭಾಗದ ಮುಖ್ಯಸ್ಥೆ ಮೇಡಂಗೆ ಹಿಡಿಸಿದರೆ ಕೆಲಸ ಖಾಯಂ. ಇಲ್ಲದಿದ್ದರೆ ನಾಳೆಯಿಂದ ಮನೆ.

"ಎದುರಿಗೆ ಕೂತೋರೆಲ್ಲ ಆಲೂಗಡ್ಡೆ ಅಂದ್ಕೊಳ್ಳಯ್ಯ," ಎಂದರು ಗ್ರಂಥಾಲಯದವರು.

ಅಂದುಕೊಂಡ. ಕನ್ನಡಕ ಹಾಕಿದ ಆಲೂಗಡ್ಡೆಗಳು ದಿಟ್ಟಿಸಿದಾಗ ಇನ್ನಷ್ಟು ಬೆವೆತ.

"ನಾನಿದ್ದೀನಿ ಬಿಡಣ್ಣ," ಎಂದ ಪಕ್ಕದ ಮೇಜಿನ ಗಿಣಿ, ಅವನೂ ಇವನಷ್ಟೇ ತಾತ್ಕಾಲಿಕ.

ಕಿಟಕಿಯಿಲ್ಲದ ಸಭಾಂಗಣದಲ್ಲಿ ಮೌನಿ ಎದ್ದು ನಿಂತ. "ಅ... ಅ... ಅಕ್ಷಿ..." ಎಂದ. ಸೀನು ಬಂತೆಂದು ಮುಂದಿನ ಸಾಲು ಹಿಂದೆ ಸರಿಯಿತು.

ಟಪ್! ದೀಪಗಳೆಲ್ಲ ಆರಿದವು. ಗಿಣಿ ಮೇನ್ ಸ್ವಿಚ್ ಎಳೆದಿದ್ದ.

ಮೌನಿಗೆ ಜೀವ ಬಂತು. "ನೋಡಿ, ಬೆಳಕು ಹಿಡಿಯೋ ಕೋಶಗಳು ಕತ್ತಲಲ್ಲಿ ಗ್ಲುಟಮೇಟ್ ಅನ್ನೋ ರಸ ಸುರಿಸ್ತಾನೇ ಇರ್ತವೆ. ಬೆಳಕು ಬಿತ್ತೋ, ಸುರಿಯೋದು ಕಡಿಮೆ. ಆ ಸುಮ್ಮನಾಗೋದೇ ಸುದ್ದಿ! ಇನ್ನೊಂದು ರಸ ಗಾಬಾ. ಎಲ್ಲಾ ಕೋಶಗಳೂ ಒಟ್ಟಿಗೆ ಕಿರುಚಿದ್ರೆ ಕಾಣೋದು ಬರೀ ಗದ್ದಲ, ಗಾಬಾ 'ಶ್!' ಅಂತ ಕೆಲವರನ್ನ ಸುಮ್ಮನಾಗಿಸುತ್ತೆ, ಆಗ ನೋಟ ಸ್ಪಷ್ಟ. ಅಲ್ಲಿ ಬಾಯಿ ಮುಚ್ಚಿಸೋದು ಗಾಬಾ, ನನ್ನಂಥೋರಿಗೆ ಗಾಬರಿ!"

ಕತ್ತಲು ಚಪ್ಪಾಳೆ ತಟ್ಟಿತು. ಖುಷಿಯಲ್ಲಿ ಗಿಣಿ ದೀಪ ಹಾಕಿಬಿಟ್ಟ. ಮೌನಿಯ ಬಾಯಿ ಮುಚ್ಚಿತು.

ಮೇಡಂ ಮೌನಿಯನ್ನು ನೋಡಿದರು, ಗಿಣಿಯನ್ನು ನೋಡಿದರು. ಹೋದ ತಿಂಗಳು ಮೇಡಂ ದನಿಯಲ್ಲೇ ಫೋನು ಮಾಡಿ ಇಡೀ ವಿಭಾಗಕ್ಕೆ ರಜೆ ಕೊಟ್ಟ ಮಹಾಶಯ ಈ ಗಿಣಿ.

"ಕಳ್ಳ! ಇವನ ದನೀನೂ ಕಲಿತುಬಿಟ್ಯಾ?"

"ನಾನಲ್ಲ ಮೇಡಂ, ನಿಮ್ಮಾಣೆ! ಅಣ್ಣಾ, ನೀವಾದ್ರೂ ಹೇಳಿ!"

ಮೌನಿ ಕಣ್ಣು ಕಣ್ಣು ಬಿಟ್ಟ, ಮಾತು ಬಿಡಲಿಲ್ಲ. ಆಮೇಲೆ ತಟ್ಟನೆ ಹೊಳೆಯಿತು: ಕತ್ತಲಿಗೆ ಮೇನ್ ಸ್ವಿಚ್ಚೇ ಯಾಕೆ, ರೆಪ್ಪೆ ಸಾಲದೆ? ಗಟ್ಟಿಯಾಗಿ ಕಣ್ಣು ಮುಚ್ಚಿದ. ನಲ್ಲಿ ತಿರುಗಿಸಿದಂತೆ ಮಾತು ಹರಿಯಿತು. ಧೈರ್ಯ ಬಂದು ಒಂದು ಕಣ್ಣು ತೆರೆದ. ಇನ್ನೊಂದೂ ತೆರೆದ. ಮಾತು ನಿಲ್ಲಲೇ ಇಲ್ಲ! ಹುಟ್ಟಿದ ಮೇಲೆ ಮೊದಲ ಸಲ, ಝಗಝಗ ಬೆಳಕಿನಲ್ಲಿ, ಅಷ್ಟೂ ಮುಖಗಳೆದುರು ಅವನು ಗುಡುಗಿದ: "ಮೇಡಂ, ಮಾತಾಡ್ತಿರೋದು ನಾನೇ!"

ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಭಲೇ ಗಿಣಿ! ನಿನ್ನ ತುಟಿ ಒಂಚೂರೂ ಅಲ್ಲಾಡಲಿಲ್ಲ ಕಣೋ. ನಾಳೆಯಿಂದ ನೀನು ಖಾಯಂ!"