ಕೆಂಪಿಯ ಬಾಣಂತನ

ದನದ ಡಾಕ್ಟರ ಕೆಲಸದಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತದೆ. ನಡೆಯುವಾಗ ಮಾತ್ರ ನಗು ಬರುವುದಿಲ್ಲ, ಅದಕ್ಕೆ ವರ್ಷಗಳು ಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಮೊದಲ ಪೋಸ್ಟಿಂಗ್ ಆದದ್ದು ಯಲ್ದೂರಿನ ಹತ್ತಿರದ ಒಂದು ಹಳ್ಳಿಗೆ. ಮಾಲೂರಿನಲ್ಲಿ ಇಟ್ಟಿಗೆ ಗೂಡಿನ ಹೊಗೆ ಕುಡಿದು ಬೆಳೆದ ನನಗೆ ಅಲ್ಲಿ ಎತ್ತ ತಿರುಗಿದರೂ ಮಾವಿನ ತೋಪು, ಯಾರನ್ನು ಮಾತಾಡಿಸಿದರೂ ಅರ್ಧ ಕನ್ನಡ, ಅರ್ಧ ತೆಲುಗು. ಒಬ್ಬ ಅಜ್ಜಿಯ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ. ಆ ಬೇಸಿಗೆಯಲ್ಲಿ ಅಜ್ಜಿಯ ಮಗಳು ಎರಡನೇ ಹೆರಿಗೆಗೆ ತವರಿಗೆ ಬಂದಿದ್ದಳು. ಅಜ್ಜಿ ಸಾಕಿದ ನಾಯಿ ಕೆಂಪಿಗೂ ದಿನ ತುಂಬಿತ್ತು. ಒಂದೇ ವಾರದೊಳಗೆ ಮನೆಯಲ್ಲಿ ಇಬ್ಬರು ಬಾಣಂತಿಯರಾದರು.

೧. ಹಣ್ಣಿನ ಕೋಣೆ

ಹೆರಿಗೆ ಹತ್ತಿರ ಬಂದಾಗ ನಾಯಿ ಜಾಗ ಹುಡುಕುತ್ತದೆ, ನೆಲ ಕೆರೆಯುತ್ತದೆ, ಕೊಟ್ಟದ್ದನ್ನು ಮುಟ್ಟುವುದಿಲ್ಲ. ಇದನ್ನೆಲ್ಲ ನಾನು ಅಜ್ಜಿಗೆ ಮೊದಲೇ ವಿವರಿಸಿ, ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಕೆಂಪಿಗೆ ವಾರ್ಡ್ ಸಿದ್ಧ ಮಾಡಿದ್ದೆ. ಕೆಂಪಿ ಅದನ್ನೊಮ್ಮೆ ಮೂಸಿ ನೋಡಿ, ನೇರ ನಡುಮನೆಯ ಪಕ್ಕದ ಕೋಣೆಗೆ ಹೋಗಿ ಮರಿ ಹಾಕಿತು. ಅಲ್ಲಿ ಬಾದಾಮಿ, ರಸಪುರಿ ಮಾವೆಲ್ಲ ಹುಲ್ಲಿನಲ್ಲಿ ಮಾಗಲು ಹಾಕಿದ್ದರು. ಬೆಚ್ಚಗಿನ ಹುಲ್ಲು, ಕತ್ತಲೆ, ಬಾಗಿಲು. ನನ್ನ ವಾರ್ಡಿಗಿಂತ ಅದೇ ವಾಸಿ ಎಂದು ಈಗ ನನಗೂ ಅನ್ನಿಸುತ್ತದೆ.

ಅಜ್ಜಿಯೊಬ್ಬಳನ್ನು ಬಿಟ್ಟು ಯಾರು ಹೊಸ್ತಿಲು ಮುಟ್ಟಿದರೂ ಕೆಂಪಿ ಹಲ್ಲು ತೋರಿಸುತ್ತಿತ್ತು. ಅಜ್ಜಿಯಾದರೂ ನಾಲ್ಕು ಹಣ್ಣು ತರಬಹುದಿತ್ತು, ಆದರೆ ಅದು ಪುರುಡಿನ ಕೋಣೆ, ಅಲ್ಲಿನ ಹಣ್ಣು ಈಗ ಮುಟ್ಟುವಂತಿಲ್ಲ ಎಂದುಬಿಟ್ಟಳು. ಮನೆತುಂಬ ಹಣ್ಣಿನ ಘಮ, ತಿನ್ನಲು ಒಂದೂ ಇಲ್ಲ. ಮಗು ನೋಡಲು ಮುಳಬಾಗಿಲಿನಿಂದ ಬಂದ ಅಳಿಯ, ಮಗುವನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಆ ಬಾಗಿಲನ್ನೇ ನೋಡುತ್ತ ಕೂತಿದ್ದ. ಕೊನೆಗೆ ನನ್ನ ಕೋಣೆಗೆ ಬಂದು ಮೆಲ್ಲಗೆ ಕೇಳಿದ: "ಸಾರ್, ನಾಯಿ ಪುರುಡು ಎಷ್ಟು ದಿನಕ್ಕೆ ಕಳಿಯುತ್ತೆ?"

ಐದು ವರ್ಷ ಓದಿದ್ದೆ. ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

೨. ಆಲದ ಮರಕ್ಕೆ ಇಲ್ಲದ ಗಂಟು

ಹಸು ಈದ ಮೇಲೆ ಬೀಳುವ ಕಸವನ್ನು, ಅಂದರೆ ಮಾಸನ್ನು, ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವುದು ಆ ಕಡೆಯ ಪದ್ಧತಿ. ಹಾಲು ಸುರಿಯುವ ಮರ, ಹಸುವೂ ಹಾಗೇ ಸುರಿಯಲಿ ಅಂತ. ಹಸುವಿಗಿದ್ದದ್ದು ಕೆಂಪಿಗೇಕೆ ಬೇಡ ಎಂದು ಅಜ್ಜಿ ಹುಲ್ಲು, ಹಗ್ಗ ಎರಡನ್ನೂ ಸಿದ್ಧವಾಗಿಟ್ಟುಕೊಂಡು, ಆಳನ್ನು ಮರದ ಕೆಳಗೆ ನಿಲ್ಲಿಸಿ ಕಾಯುತ್ತಿದ್ದಳು. ಕೆಂಪಿ ಒಂದೊಂದು ಮರಿ ಹಾಕಿದಾಗಲೂ ಕಸವನ್ನು ತಾನೇ ತಿಂದು, ಮರಿಯನ್ನು ನೆಕ್ಕಿ, ಏನೂ ಆಗಿಲ್ಲವೆಂಬಂತೆ ಮಲಗುತ್ತಿತ್ತು. ಅದು ನಾಯಿಯ ಸಹಜ ಗುಣ, ಜಾಗ ಚೊಕ್ಕಟವಾಗುತ್ತದೆ ಎಂದು ನಾನು ಹೇಳಿದೆ. ಅಜ್ಜಿ ತಲೆಯ ಮೇಲೆ ಕೈ ಹೊತ್ತಳು. ಬಾಣಂತಿ ಬಾಯಿಗೆ ಮೊದಲ ತುತ್ತೇ ನಂಜಾಯಿತಲ್ಲ ಎಂದು ಅವಳ ಸಂಕಟ.

ಪಾಪ, ಆಳು ಮಾತ್ರ ಸಂಜೆಯವರೆಗೂ ಆಲದ ಮರದ ಕೆಳಗೇ ನಿಂತಿದ್ದನಂತೆ. ಅವನಿಗೆ ಹೇಳಿಕಳಿಸಲು ಯಾರಿಗೂ ನೆನಪಾಗಿರಲಿಲ್ಲ.

೩. ಕಿವಿಗೆ ಹತ್ತಿ

ಆ ನಂಜನ್ನು ಇಳಿಸಬೇಕೆಂದು ಅಜ್ಜಿ ಪಣ ತೊಟ್ಟಳು. ಒಳಕೋಣೆಯಲ್ಲಿ ಮಗಳಿಗೆ ಏನು ನಡೆಯುತ್ತಿತ್ತೋ ಅದೇ ಹಣ್ಣಿನ ಕೋಣೆಯಲ್ಲಿ ಕೆಂಪಿಗೂ ನಡೆಯಿತು. ಬೆಳಿಗ್ಗೆ ಸಾಂಬ್ರಾಣಿ ಹೊಗೆ, ಮಧ್ಯಾಹ್ನ ಮೆಣಸಿನ ಸಾರಿನಲ್ಲಿ ಕಲಸಿದ ಅನ್ನ, ಬಾಯಾರಿದರೆ ಕಾಯಿಸಿ ಆರಿಸಿದ ನೀರು, ಅದೂ ಒಂದೇ ಲೋಟ. ಹೆಚ್ಚು ನೀರು ಕುಡಿದರೆ ಬಾಣಂತಿಯ ಮೈ ಊದಿಕೊಳ್ಳುತ್ತದೆ ಎಂಬುದು ಅಜ್ಜಿಯ ಶಾಸ್ತ್ರ. ಗಾಳಿ ಹೊಗಬಾರದೆಂದು ಕಿವಿಗೆ ಹತ್ತಿ ಇಟ್ಟು, ಮೇಲೊಂದು ಹಳೆಯ ಸೀರೆಯ ತುಂಡು ಬಿಗಿದಿದ್ದಳು. ಯಾರನ್ನು ಕಂಡರೂ ಕಚ್ಚಲು ಬರುತ್ತಿದ್ದ ಕೆಂಪಿ, ತಲೆಗೆ ವಸ್ತ್ರ ಕಟ್ಟಿಸಿಕೊಂಡು ನನ್ನನ್ನು ನೋಡಿದ ನೋಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮರಿಗಳಿಗೆ ಹಾಲೂಡಿಸುವ ನಾಯಿಗೆ ನೀರು, ಊಟ ಎರಡೂ ಮೊದಲಿಗಿಂತ ಹೆಚ್ಚೇ ಬೇಕು ಎಂದು ದಿನಾ ಹೇಳಿದೆ. ಅಜ್ಜಿ ಒಂದು ದಿನ ಸೆರಗು ಸಿಕ್ಕಿಸಿಕೊಂಡು ನನ್ನೆದುರು ನಿಂತಳು. ನನ್ನನ್ನು ಅವಳು ಕರೆಯುತ್ತಿದ್ದದ್ದು ತೆಲುಗಿನಲ್ಲಿ ನಾಯನಾ, ಅಂದರೆ ಮಗನೇ, ಎಂದು.

"ನಾಯನಾ, ನಾನು ಏಳು ಬಾಣಂತನ ಮಾಡಿದೀನಿ. ನೀನು ಎಷ್ಟು ಮಾಡಿದೀಯಾ?"

ನನಗಿನ್ನೂ ಮದುವೆಯೇ ಆಗಿರಲಿಲ್ಲ. ತೆಪ್ಪಗೆ ಹೋಗಿ ಸ್ಟವ್ ಹೊತ್ತಿಸಿ ಕಾಫಿಗಿಟ್ಟೆ.

೪. ದೊಣ್ಣೆ ಮತ್ತು ತೆಂಗಿನಕಾಯಿ

ಮರಿಗಳು ಕಣ್ಣು ಬಿಟ್ಟು ದುಂಡಗಾದವು. ಕೆಂಪಿಯ ಪಕ್ಕೆಲುಬು ಕಾಣತೊಡಗಿತು. ಒಂದು ಬೆಳಿಗ್ಗೆ ಅದು ಕೋಣೆಯಿಂದ ಈಚೆ ಬಂದು ಅಂಗಳದಲ್ಲಿ ನಾಲ್ಕೂ ಕಾಲು ಸೆಟೆಸಿಕೊಂಡು ಬಿತ್ತು. ಮೈಯೆಲ್ಲ ನಡುಕ, ಬಾಯಲ್ಲಿ ಜೊಲ್ಲು, ಏದುಸಿರು. ನಾನು ಆಸ್ಪತ್ರೆಯಿಂದ ಓಡಿಬರುವಷ್ಟರಲ್ಲಿ ಅರ್ಧ ಊರು ಸೇರಿ ಎರಡು ಪಕ್ಷವಾಗಿತ್ತು. ಒಂದು ಪಕ್ಷ ಹುಚ್ಚು ಹಿಡಿದಿದೆ, ಹೊಡೆದು ಹಾಕಿ ಎಂದು ದೊಣ್ಣೆ ಹಿಡಿದಿತ್ತು. ಇನ್ನೊಂದು ಪಕ್ಷ ಮೈಮೇಲೆ ಅಮ್ಮ ಬಂದಿದ್ದಾಳೆ, ಕೈ ಮುಗೀರಿ ಎಂದು ತೆಂಗಿನಕಾಯಿ ತಂದಿತ್ತು. ಅಜ್ಜಿ ನಾಯಿಗೆ ಅಡ್ಡವಾಗಿ ಕೂತು ಎರಡೂ ಪಕ್ಷವನ್ನು ತೆಲುಗಿನಲ್ಲಿ ಬೈಯುತ್ತ ಅಳುತ್ತಿದ್ದಳು.

ನೋಡಿದ ಕೂಡಲೇ ನನಗೆ ತಿಳಿಯಿತು. ಮೈಯಲ್ಲಿದ್ದ ಸುಣ್ಣದಂಶವೆಲ್ಲ ಹಾಲಾಗಿ ಮರಿಗಳ ಹೊಟ್ಟೆ ಸೇರಿತ್ತು. ತಡವಾದರೆ ಜೀವ ಹೋಗುತ್ತದೆ. ಹಸುಗಳಿಗೆಂದು ತರಿಸಿದ್ದ ಕ್ಯಾಲ್ಸಿಯಂ ಬಾಟಲಿ ಬ್ಯಾಗಿನಲ್ಲಿತ್ತು. ಒಮ್ಮೆಲೇ ಕೊಟ್ಟರೆ ಎದೆಬಡಿತ ನಿಲ್ಲುತ್ತದೆ, ಹನಿಹನಿಯಾಗಿ ಕೊಡಬೇಕು. ನಾಯಿಗೆ ನಾನು ಅದನ್ನು ಕೊಟ್ಟದ್ದು ಅದೇ ಮೊದಲು. ಒಂದು ಕೈ ಸಿರಿಂಜಿನ ಮೇಲೆ, ಒಂದು ಕೈ ಕೆಂಪಿಯ ಎದೆಯ ಮೇಲೆ. ನಡುಗುತ್ತಿದ್ದವರು ಇಬ್ಬರು, ಮೊದಲು ನಡುಕ ನಿಂತದ್ದು ಕೆಂಪಿಗೆ. ಸ್ವಲ್ಪ ಹೊತ್ತಿಗೆ ಕಾಲು ಸಡಿಲಾಯಿತು, ತಲೆ ಎತ್ತಿತು, ಅಜ್ಜಿಯ ಕೈ ನೆಕ್ಕಿತು. ಅಜ್ಜಿ ನನ್ನ ಗಲ್ಲ ಹಿಡಿದು "ನಾಯನಾ, ನಾಯನಾ" ಎಂದು ಅತ್ತಳು. ಅಷ್ಟು ದೊಡ್ಡ ಸಂಭಾವನೆ ನನಗೆ ಮತ್ತೆಂದೂ ಸಿಗಲಿಲ್ಲ.

ದೊಣ್ಣೆಯವರು ಮನೆಗೆ ಹೋದರು. ತೆಂಗಿನಕಾಯಿಯ ಮುದುಕನೊಬ್ಬ ಮಾತ್ರ ನನ್ನ ಮೇಲೆ ಮುನಿಸಿಕೊಂಡ. ಈ ಸಲ ಮಳೆ ಯಾವಾಗ ಎಂದು ಅಮ್ಮನನ್ನು ಕೇಳುವುದರಲ್ಲಿದ್ದನಂತೆ, ಅಷ್ಟರಲ್ಲಿ ನಾನು ಸೂಜಿ ಚುಚ್ಚಿ ಅವಳನ್ನು ಕಳಿಸಿಬಿಟ್ಟೆನಂತೆ.

೫. ಒಳಕೋಣೆಯ ಬಾಣಂತಿ

ಅಂದಿನಿಂದ ನನ್ನ ಮಾತೇ ವೇದವಾಯಿತು. ಮರಿಗಳನ್ನು ಒಂದು ದಿನ ಬೇರೆ ಇಟ್ಟು ಹಸುವಿನ ಹಾಲು ಕುಡಿಸಿ ಎಂದೆ. ಕೆಂಪಿಗೆ ಬೇಕೆಂದಷ್ಟು ನೀರು, ಹಾಲು, ರಾಗಿ ಅಂಬಲಿ, ದಿನಕ್ಕೊಂದು ಬೇಯಿಸಿದ ಮೊಟ್ಟೆ ಎಂದೆ. ಅಜ್ಜಿ ಚಾಚೂ ತಪ್ಪದೆ ನಡೆಸಿದಳು. ಕಿವಿಯ ಹತ್ತಿ ಹೋಯಿತು. ಅಂಗಳದ ನಡುವೆ ಕಲ್ಲುಬಾನಿ ತುಂಬ ತಣ್ಣೀರು ಬಂತು. ಕೆಂಪಿ ಅದಕ್ಕೆ ಮುಖವಿಟ್ಟು ಲೊಚಲೊಚ ಕುಡಿಯುತ್ತಿದ್ದರೆ ಬೀದಿಗೆ ಕೇಳುತ್ತಿತ್ತು.

ಒಳಕೋಣೆಯಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ. ಅದೇ ಹೊಗೆ, ಅದೇ ಮೆಣಸಿನ ಸಾರು, ಅದೇ ಒಂದು ಲೋಟ ನೀರು. ಒಂದು ಮಧ್ಯಾಹ್ನ ಅಜ್ಜಿ ತೋಪಿಗೆ ಹೋಗಿದ್ದಾಗ ಮಗಳು ಬಾಗಿಲ ಸಂದಿಯಿಂದ ನನ್ನನ್ನು ಕರೆದಳು. ತುಟಿ ಒಣಗಿ ಬಿರಿದಿತ್ತು. ಕಣ್ಣು ಅಂಗಳದ ಬಾನಿಯ ಮೇಲೇ ಇತ್ತು.

"ಸಾರ್, ನಾನೂ ಒಂಚೂರು ನಡುಗಲಾ?"

ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ನಾನು ದನದ ಡಾಕ್ಟರು ಕಣಮ್ಮ, ಯಲ್ದೂರಿನ ನರ್ಸಮ್ಮನನ್ನು ಕರೆಸೋಣ ಎಂದೆ. ನರ್ಸಮ್ಮ ಆಗಲೇ ಎರಡು ಸಲ ಬಂದು ಹೇಳಿ, ಅಜ್ಜಿಯ ಕೈಲಿ ಬೈಸಿಕೊಂಡು ಹೋಗಿದ್ದಳಂತೆ.

ಮಾರನೇ ದಿನ ಬೆಳಿಗ್ಗೆ ಅಜ್ಜಿ ಎದೆ ಬಡಿದುಕೊಂಡು ಓಡಿಬಂದಳು. ಮಗಳಿಗೂ ನಡುಕ ಹತ್ತಿದೆ, ಆ ಬಾಟಲಿ ತಗೊಂಡು ಬಾ ಎಂದಳು. ಹೋಗಿ ನೋಡಿದರೆ ಕಂಬಳಿಯೊಳಗೆ ಮಂಚ ಅಲ್ಲಾಡುವಂತೆ ನಡುಗುತ್ತಿದ್ದಾಳೆ. ಹಣೆ ಮುಟ್ಟಿದೆ, ಜ್ವರವಿಲ್ಲ. ನಾಡಿ ಹಿಡಿದೆ, ನನ್ನದಕ್ಕಿಂತ ಚೆನ್ನಾಗಿತ್ತು. ಸೂಜಿ ನಾನು ಹಾಕುವಂತಿಲ್ಲ, ನರ್ಸಮ್ಮ ಬಂದು ನೋಡಲಿ ಎಂದೆ.

"ಸೂಜಿ ಹಾಳಾಗ್ಲಿ, ಪಥ್ಯ ಆದ್ರೂ ಹೇಳು ನಾಯನಾ," ಎಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ನಾನು ಆದಷ್ಟು ಗಂಭೀರವಾಗಿ ಹೇಳಿದೆ: ಬೇಕೆಂದಷ್ಟು ನೀರು, ಹೊಟ್ಟೆ ತುಂಬ ಊಟ, ಎರಡು ಹೊತ್ತೂ ಹಾಲು. ಅಜ್ಜಿ ಚೊಂಬು ತರಲು ಓಡಿದಳು. ಆಗ ಮಂಚದ ಅಲುಗಾಟ ನಿಂತು, ಕಂಬಳಿಯ ತುದಿ ಸರಿದು, ಒಂದು ಕಣ್ಣು ಈಚೆ ಬಂತು.

"ಮೊಟ್ಟೆ ಬಿಟ್‌ಬಿಟ್ರಿ, ಸಾರ್."