ತೊಲೆಗೆ ಹಮ್ಮಾಮಿನ ಸ್ನಾನ

ಎಲ್ಲಕ್ಕೂ ಕಾರಣ ಮುದುಕ ಅಲ್ಲಾಲನ ಚಹಾ ಕೆಟಲು. ಫೆಸ್ ಪಟ್ಟಣದ ಹಳೆಯ ಮದರಸಾದ ಕಾವಲುಗಾರನಾದ ಅವನಿಗೆ ಅಂಗಳದ ಮೂಲೆಯಲ್ಲಿ ಬಾಡಿಗೆಯಿಲ್ಲದ ಕೋಣೆಯೊಂದಿತ್ತು. ಅದರ ಬಾಗಿಲ ಮೇಲೆ ನೀಲಿ ಹೂಬಳ್ಳಿಯ ದೇವದಾರು ತೊಲೆ. ಹನ್ನೆರಡು ವರ್ಷ ಹೊಸ್ತಿಲಲ್ಲಿ ಕೂತು ಪುದೀನ ಚಹಾ ಕುದಿಸಿದ್ದಕ್ಕೆ ತೊಲೆಯ ಒಂದು ಗೇಣು ಬಾಣಲೆಯ ತಳದಂತಾಗಿತ್ತು. ಹೋದ ರಂಜಾನಿಗೆ ಮುಂಚೆ, ಕಿಟಕಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅದಕ್ಕೆ ಮೆತ್ತಿ ನೆಮ್ಮದಿಯಾಗಿದ್ದ.

ಈವತ್ತು ಬೆಳಿಗ್ಗೆ ಮದರಸಾ ಸಮಿತಿಯ ಅಧ್ಯಕ್ಷ ಹಾಜ್ ತುಹಾಮಿ ಬಂದು ಗುಡುಗಿದ: “ಮಧ್ಯಾಹ್ನ ರಬಾತ್‌ನಿಂದ ಡಾಕ್ಟರಮ್ಮ ಬರ್ತಾರೆ. ಅವರ ಯಂತ್ರ ಬಣ್ಣಕ್ಕೆ ಹಿಡಿದ್ರೆ ಅದು ಯಾವ ಕಾಲದ್ದು ಅಂತ ಗೊತ್ತಾಗುತ್ತಂತೆ. ಎಲ್ಲಾ ಏಳುನೂರು ವರ್ಷದ ಬಣ್ಣ ಅಂತ ಬಾಗಿಲಿಗೆ ಫಲಕ ಹಾಕ್ಸಿದೀನಿ. ಹೆಚ್ಚುಕಮ್ಮಿ ಆಯ್ತೋ, ನಿನ್ನ ಗಂಟುಮೂಟೆ ಬೀದೀಲಿ!”

ಅಲ್ಲಾಲ ಪಕ್ಕದ ಹಮ್ಮಾಮಿನಲ್ಲಿ, ಅಂದರೆ ಊರ ಸ್ನಾನದ ಮನೆಯಲ್ಲಿ, ಮೈ ಉಜ್ಜುವ ಬುಶ್ತಾನ ಬಳಿ ಓಡಿ ಎಲ್ಲ ಹೇಳಿಕೊಂಡ.

“ಇಷ್ಟೇನಾ?” ಬುಶ್ತಾ ನಕ್ಕ. “ಚರ್ಮ ಹದ ಮಾಡೋರ ಮೈಯನ್ನೇ ಬಿಳಿ ಮಾಡ್ತೀನಿ, ಒಂದು ತೊಲೆ ಯಾವ ಲೆಕ್ಕ!”

ಕಪ್ಪು ಸಾಬೂನಿಗೆ ಒಲೆಯ ಬೂದಿನೀರು ಕಲಸಿಕೊಂಡು, ಒರಟು ಕೈಗವಸು ತೊಟ್ಟು ಏಣಿ ಹತ್ತಿದ. ತೊಲೆಯನ್ನು ಮದುಮಗನ ಬೆನ್ನಿನಂತೆ ತಿಕ್ಕತೊಡಗಿದ. ಹಸಿರು ಹೋಯಿತು. ಮಸಿ ಹೋಯಿತು. ನೀಲಿ ಹೂ ಕಂಡಿತು.

“ಸಾಕು, ಇಳಿ!” ಅಂದ ಅಲ್ಲಾಲ.

“ಅರ್ಧ ಉಜ್ಜಿ ಯಾರನ್ನೂ ಕಳಿಸಿದೋನಲ್ಲ ನಾನು. ಕೊಳೆ ಇನ್ನೂ ಬರ್ತಿದೆ ನೋಡು!”

ಎದುರು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಲಾಲ್ಲಾ ಖದ್ದೂಜ್ ಕೂಗಿದಳು: “ಅಯ್ಯೋ ಮುಂಡೇವಾ! ಬರ್ತಿರೋದು ಕೊಳೆ ಅಲ್ರೋ, ಹೂವು!”

ನೋಡಿದರೆ ಉಜ್ಜಿದ ಕಡೆಯ ನೀಲಿ ಹೂವೆಲ್ಲ ಬುಶ್ತಾನ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ನೀಲಿ ತೊಲೆಯ ನಡುವೆ ಒಂದು ಗೇಣು ಕಡುಗೆಂಪು, ಅದರಲ್ಲೊಂದು ಬಿಳಿ ನಕ್ಷತ್ರ. ಬುಶ್ತಾಗೆ ತಟ್ಟನೆ ಗಿರಾಕಿಗಳು ನೆನಪಾದರು; ಆತ ಮಾಯವಾದ. ಹಿಂದೆಯೇ ಹಾಜ್ ತುಹಾಮಿಯೊಂದಿಗೆ ಡಾಕ್ಟರ್ ಇಬ್ತಿಸಾಮ್ ಒಳಗೆ ಬಂದರು. ಅಲ್ಲಾಲ ಏಣಿಯನ್ನು ಅಪ್ಪಿಕೊಂಡು ನಿಂತ.

ಡಾಕ್ಟರ್ ಯಂತ್ರವನ್ನು ಪಕ್ಕದಲ್ಲಿ ಉಳಿದಿದ್ದ ನೀಲಿ ಹೂವಿಗೆ ಹಿಡಿದು ಹುಬ್ಬುಗಂಟಿಕ್ಕಿದರು. “ಹಾಜ್, ಇದು ಡಬ್ಬಿ ಬಣ್ಣ. ಮೂವತ್ತು ವರ್ಷವೂ ಆಗಿಲ್ಲ.”

ಇಪ್ಪತ್ತೆಂಟು ವರ್ಷದ ಹಿಂದಿನ ದುರಸ್ತಿಯ ಉಸ್ತುವಾರಿ ಹಾಜ್ ತುಹಾಮಿಯದೇ. ಆತ ಅಂಗಳದ ಕಾರಂಜಿಯನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ. ಅಷ್ಟರಲ್ಲಿ ಯಂತ್ರ ಕೆಂಪಿನ ಮೇಲೆ ಹೋಯಿತು. ಡಾಕ್ಟರ್ ಕೂದಲೆಳೆಯಷ್ಟು ಬಣ್ಣ ಕೆತ್ತಿ ಮಸೂರದಡಿ ನೋಡಿ ಕಿರುಚಿಯೇಬಿಟ್ಟರು: “ಇಂಗಲೀಕ! ಹಳೇ ಕಾಲದ ಕೆಂಪು ಕಲ್ಲಿನ ಪುಡಿ, ಮೊಟ್ಟೆಯಲ್ಲಿ ಕಲಸಿದ ಹಾಗಿದೆ! ಇಡೀ ಕಟ್ಟಡದಲ್ಲಿ ಹಳೇ ಬಣ್ಣ ಉಳಿದಿರೋದು ಇಲ್ಲಿ ಮಾತ್ರ. ಯಾರು ಇದರ ಮೇಲಿನ ಬಣ್ಣ ತೆಗೆಸಿದ್ದು?”

ಅಲ್ಲಾಲ ಬಾಯಿ ತೆರೆದ. ಹಾಜ್ ತುಹಾಮಿ ಮೊದಲೇ ಮುಂದೆ ಬಂದಿದ್ದ. “ನಾನೇ ಮುಂದೆ ನಿಂತು ತೆಗೆಸ್ದೆ, ಡಾಕ್ಟರಮ್ಮಾ. ಒಳಗಿರುತ್ತೆ ಅಂತ ನಂಗೆ ಮೊದಲಿಂದ್ಲೂ ಗುಮಾನಿ.”

“ಸದ್ಯ! ಇನ್ಮೇಲೆ ಇದರ ಹತ್ತಿರ ಹೊಗೆ, ಹಬೆ ಸುಳೀಬಾರದು. ಈ ಕೋಣೇಲಿ ಯಾರಾದರೂ ಇದಾರಾ?”

“ಯಾರೂ ಇಲ್ಲ,” ಅಂದ ಹಾಜ್. ಅಲ್ಲಾಲನ ಕಡೆ ತಿರುಗಿ ಪಿಸುಗುಟ್ಟಿದ: “ಸಂಜೆಯೊಳಗೆ ಖಾಲಿ ಮಾಡು.”

ಅಲ್ಲಾಲ ಕೆಟಲು ಕಂಕುಳಿಗೇರಿಸಿದ. ಹೊಸ್ತಿಲಲ್ಲಿ ನಿಂತು, ತಡೆಯಲಾರದೆ ಕೇಳಿದ: “ಡಾಕ್ಟರಮ್ಮಾ, ಒಂದ್ವೇಳೆ ಅಲ್ಲಿ ಒಂದು ಗೇಣು ಹಸಿರು ಕಿಟಕಿ ಬಣ್ಣ ಇದ್ದಿದ್ರೆ ಏನ್ಮಾಡ್ತಿದ್ರಿ?”

“ಏನಿದೆ ಮಾಡೋಕೆ?” ನಕ್ಕರು ಅವರು. “ಅಂಥ ತೇಪೆ ಪ್ರತಿ ಕಟ್ಟಡದಲ್ಲೂ ಇರುತ್ತೆ. ‘ಸಣ್ಣ ರಿಪೇರಿ’ ಅಂತ ಬರ್ಕೊಂಡು, ನಿಮ್ಮ ಕೈಯಿಂದ ಒಂದು ಲೋಟ ಚಹಾ ಕುಡ್ಕೊಂಡು ಹೋಗ್ತಿದ್ದೆ.”